ಮೈಕಿಲ್ಲದ ಕೂಟಕ್ಕೂ ಕಾನೂನುಂಟು

ಬೇಸಗೆಯ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೇರಳದ ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಯ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ಯಕ್ಷಗಾನದ ಕಾಲ. ಪೇಟೆಯ ಹೋಟೆಲೊಂದರ ಜಗಲಿಯಲ್ಲಿ ನಾವು ಕೆಲವರು ಸಂಜೆಕೂಟ ಶುರುಮಾಡಿದೆವು. ನಾನು ಮದ್ದಳೆ ಬಾರಿಸುವವನು. ಅನುಮತಿಯ ಕಾಗದಪತ್ರವೂ ನನ್ನ ಪಾಲಿಗೇ ಬಂತು. ಇಂಥ ಕೂಟಕ್ಕೆ ಹೊರಟವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಮೈಕಿನ ಬಗ್ಗೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಕೇಳುವವರು ಇಪ್ಪತ್ತು ಮಂದಿಯೋ ಎರಡು ಸಾವಿರವೋ, ನಿಯಮ ಒಂದೇ. ಕೇರಳದಲ್ಲಿ ಅದಕ್ಕೆ ಪೊಲೀಸರಿಗೆ ಅರ್ಜಿ ಕೊಡಬೇಕು, ಅವರ ‘ತುಣ’ ಪೋರ್ಟಲಿನಲ್ಲೂ ಹಾಕಬಹುದು. ಜಗಲಿಗೆ ಮೈಕೇ ಬೇಡವೆಂದು ನಾವು ತೀರ್ಮಾನಿಸಿದೆವು. ಭಾಗವತರ ಕಂಠ ಅಷ್ಟು ಜಾಗ ತುಂಬುತ್ತದೆ, ಪಾತ್ರಗಳ ಸಂಭಾಷಣೆ ನಡೆಸುವ ಅರ್ಥಧಾರಿಗಳಂತೂ ದನಿಯೆತ್ತಿಯೇ ಮಾತಾಡುವವರು.

ಮೈಕ್ ಬಿಟ್ಟರೆ ಕಾನೂನಿನ ತಂಟೆಯಿಲ್ಲ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. 2010ರ ತಿದ್ದುಪಡಿಯ ನಂತರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ವಾದ್ಯಗಳಿಗೂ ತಡೆಯುಂಟು. ಸಭಾಭವನದಂಥ ಮುಚ್ಚಿದ ಜಾಗದ ಒಳಗೆ ಮಾತ್ರ ವಿನಾಯಿತಿ. ಅಂದರೆ ತೆರೆದ ಜಗಲಿಯ ಚೆಂಡೆ, ಮದ್ದಳೆ, ಚಕ್ರತಾಳ ಎಲ್ಲವೂ ಬಂತು. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ, ಆದರೆ ಅದು ಉತ್ಸವಗಳಿಗೆ, ಮಳೆಗಾಲದ ನಮ್ಮ ಕೂಟಕ್ಕಲ್ಲ. ಇನ್ನು ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾದರೆ ಅಲ್ಲಿ ಚೆಂಡೆಗೆ ಕೋಲು ತಾಗಿಸಿದರೂ ಶಿಕ್ಷೆಯಾಗಬಹುದು. ಜಾಗ ಗೊತ್ತುಮಾಡುವ ಮೊದಲು ಅಳೆದು ನೋಡಿ.

ಹಾಗಾಗಿ ನಾವು ದೀಪ ಹಚ್ಚುವ ಹೊತ್ತಿಗೆ ಶುರುಮಾಡಿ ಒಂಬತ್ತೂವರೆಗೆ ಮಂಗಳ ಹಾಡುತ್ತೇವೆ. ಸಂವಾದ ಕಾವೇರುವಾಗ ನಿಲ್ಲಿಸುವುದು ಸಂಕಟವೇ. ಆದರೂ ಈ ಗಡುವು ನ್ಯಾಯವಾದದ್ದು. ಗೋಡೆಯಾಚೆ ಕಾಯಿಲೆಯವರಿರುತ್ತಾರೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ನನಗೆ ನಿಜವಾಗಿ ನೋವಾದದ್ದು ಬೇರೆ ವಿಷಯಕ್ಕೆ. ಹೋಟೆಲಿನವರಿಗೆ ಇದ್ದದ್ದು ತಿಂಡಿ–ಊಟದ ಲೈಸೆನ್ಸ್. ಜನ ಸೇರುವ ಮನರಂಜನೆಯ ಜಾಗಗಳಿಗೆ ಕೇರಳದಲ್ಲಿ 1963ರ ಬೇರೆಯೇ ಕಾಯ್ದೆ, ಬೇರೆ ಲೈಸೆನ್ಸ್ ಇದೆ ಎಂದು ಯಾರೋ ಅವರ ಕಿವಿಗೆ ಹಾಕಿದರು. ಯಾರೂ ದೂರು ಕೊಟ್ಟಿರಲಿಲ್ಲ, ನೋಟೀಸೂ ಬಂದಿರಲಿಲ್ಲ. ಆದರೂ ಅವರು ಹೆದರಿದರು. ಹೊಟ್ಟೆಪಾಡಿನ ಅಂಗಡಿ, ಅವರನ್ನು ದೂರುವಂತಿಲ್ಲ. ನಾವು ಲೈಸೆನ್ಸ್ ಇರುವ ಸಭಾಭವನಕ್ಕೆ ಹೋದೆವು. ಅಲ್ಲಿ ಬಾಡಿಗೆ ನಾವೇ ಹಂಚಿಕೊಂಡು ಕೊಡುತ್ತೇವೆ. ಕೂಟ ನಡೆಯುತ್ತದೆ, ಆದರೆ ಬಸ್ಸಿಗೆ ಕಾಯುತ್ತ ಚಾ ಹಿಡಿದು ನಿಂತು, ಒಂದು ಪದ ಕೇಳಿ ಕೂತೇಬಿಡುತ್ತಿದ್ದ ಮಲಯಾಳಿ, ಬ್ಯಾರಿ ಕೇಳುಗರು ಅಲ್ಲಿಗೆ ಬರುವುದಿಲ್ಲ. ಆಮಂತ್ರಣವಿಲ್ಲದೆ ಬಂದ ಕೇಳುಗನೇ ಕಲೆಗೆ ಹೊಸ ಕೇಳುಗ.

ಹಾಡಿನ ಹಕ್ಕಿನ ಬಗ್ಗೆ ಒಂದು ಮಾತು. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಪ್ರಸಂಗಗಳಿಗೆ ಯಾರ ಅಪ್ಪಣೆಯೂ ಬೇಡ. ಕೂಟಕ್ಕೆ ಮೊದಲು ಮಕ್ಕಳು ಕವಿತೆ ಹಾಡುತ್ತಾರೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಕವಿಯ ಮರಣದ ನಂತರ 60 ವರ್ಷದ ಲೆಕ್ಕದಲ್ಲಿ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರಿಂದ ಎಲ್ಲರವು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಹಕ್ಕು ಇನ್ನೂ ಇದೆ. ಆದರೆ ಹವ್ಯಾಸಿ ಸಂಘವೊಂದು ಹಣ ಪಡೆಯದೆ ಕೇಳುಗರ ಮುಂದೆ ಹಾಡಿದರೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ನಾವು ಟಿಕೆಟ್ ಇಡದಿರುವುದಕ್ಕೆ ಇದೂ ಕಾರಣ.

ಮೈಕಿಲ್ಲದ, ಟಿಕೆಟಿಲ್ಲದ, ಐವತ್ತು ಜನ ಮೀರದ ಕೂಟಗಳನ್ನು ರಾತ್ರಿ ಹತ್ತರೊಳಗೆ ಹೋಟೆಲು, ವಾಚನಾಲಯಗಳಲ್ಲಿ ನಡೆಸಲು ಬೇರೆ ಲೈಸೆನ್ಸ್ ಬೇಡ, ಒಂದು ತಿಳಿವಳಿಕೆ ಪತ್ರ ಸಾಕು ಎಂದಾಗಬೇಕು. ಈ ಬೇಡಿಕೆಯನ್ನು ಸರಕಾರಕ್ಕೆ ಕನ್ನಡದಲ್ಲೇ ಬರೆದು ಕಳಿಸಿದ್ದೇವೆ. ಇಲ್ಲಿನ ಕನ್ನಡಿಗರಿಗೆ ಆ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ, ಉತ್ತರವನ್ನೂ ಕನ್ನಡದಲ್ಲಿ ಪಡೆಯುವ ಹಕ್ಕು ಅದರಲ್ಲಿದೆ. ನಿಮ್ಮೂರಿನ ಕೂಟದ ಪರವಾಗಿಯೂ ಒಂದು ಪತ್ರ ಬರೆಯಿರಿ.