ಟ್ಯಾಲಿ ಲೆಕ್ಕಕ್ಕೆ ರೂಪಾಯಿ ತಪ್ಪದೆ ತಾಳೆಯಾಗುವ ಡ್ಯಾಶ್‌ಬೋರ್ಡ್: ನನ್ನ ಅನುಭವ

ಹುಬ್ಬಳ್ಳಿಯ ಒಂದು ಪಂಪ್‌ಸೆಟ್, ಕೇಬಲ್, ಪೈಪ್ ವಿತರಕ ಕಂಪನಿಗೆ ಕಟ್ಟಿದ ವ್ಯವಸ್ಥೆ ಇದು: ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಅಂಕಿಗಳನ್ನು ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡ್. ಹುಬ್ಬಳ್ಳಿ, ಗದಗ, ದಾವಣಗೆರೆ, ಬೆಳಗಾವಿ ಎಂದು ನಾಲ್ಕು ಶಾಖೆ, ಟ್ಯಾಲಿಯಲ್ಲಿ ಶಾಖೆಗೊಂದು ‘ಕಂಪನಿ’, ಅಂದರೆ ಪ್ರತ್ಯೇಕ ಲೆಕ್ಕ. ವರ್ಷಕ್ಕೆ 40 ಕೋಟಿ ಆಸುಪಾಸಿನ ವ್ಯಾಪಾರ, ವೋಚರ್‌ಗಳು (ಬಿಲ್ಲು, ರಸೀದಿಯಂಥ ಒಂದೊಂದು ವ್ಯವಹಾರದ ದಾಖಲೆ) ಸುಮಾರು 60 ಸಾವಿರ. ಈಗ ಒಂದು ಪೂರ್ತಿ ಹಣಕಾಸು ವರ್ಷದ ಆಡಿಟ್ ಮುಗಿದಿದೆ. ಆಡಿಟ್ ಆದ ಲೆಕ್ಕಕ್ಕೂ ಪರದೆಯ ಲೆಕ್ಕಕ್ಕೂ ಒಂದು ರೂಪಾಯಿ ಫರಕು ಬರಲಿಲ್ಲ. ‘ಟ್ಯಾಲಿಯೊಳಗ ಎಲ್ಲಾ ರಿಪೋರ್ಟ್ ಅದಾವಲ್ರೀ, ಮತ್ತ ಇದ್ಯಾಕ?’ ಎಂದು ಕೇಳಿದವರೇ ಈಗ ಶಟರ್ ಎತ್ತುವ ಮೊದಲು ಇದನ್ನು ನೋಡುತ್ತಾರೆ. ಟ್ಯಾಲಿ, ಎಸ್‌ಕ್ಯೂಎಲ್ ಬಲ್ಲವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಅ ಆ ಇ ಈಯಿಂದ ಶುರು ಮಾಡುವುದಿಲ್ಲ.

ಮೊದಲು ಮಾಡಿದ್ದು ಮೈಕ್ರೋಸಾಫ್ಟ್‌ನ ಡ್ಯಾಶ್‌ಬೋರ್ಡ್ ಸಾಧನ ಪವರ್ ಬಿಐನಲ್ಲಿ. ಸಾಧನ ಚೆನ್ನಾಗಿದೆ, ಡೆಸ್ಕ್‌ಟಾಪ್ ಉಚಿತ. ಆದರೆ ತಯಾರಿಸುವವರಿಗಷ್ಟೇ ಅಲ್ಲ, ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ತಲೆಗೆ ತಿಂಗಳಿಗೆ 10 ಡಾಲರ್ ಇದ್ದದ್ದು 14 ಆಯಿತು. ನಮ್ಮಲ್ಲಿ ನೋಡುವವರು 18 ಜನ, ಅದರಲ್ಲಿ ಹೆಚ್ಚಿನವರು ಸೇಲ್ಸ್ ಹುಡುಗರು. ಜಿಎಸ್‌ಟಿ ಸೇರಿದರೆ ವರ್ಷಕ್ಕೆ ಹತ್ತಿರ ಹತ್ತಿರ ಮೂರು ಲಕ್ಷ. ದುಡ್ಡಿಗಿಂತ ಹೆಚ್ಚು ಕಾಡಿದ್ದು ಗೇಟ್‌ವೇ, ಅಂದರೆ ಅಂಗಡಿಯ ಡೇಟಾವನ್ನು ಪವರ್ ಬಿಐಗೆ ದಾಟಿಸುವ ಪ್ರೋಗ್ರಾಂ. ಅದು ಅಕೌಂಟ್ಸ್ ಪಿಸಿಯಲ್ಲಿತ್ತು. ಸಂಜೆ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆಫ್. ಸತತ ನಾಲ್ಕು ಬಾರಿ ರಿಫ್ರೆಶ್ ವಿಫಲವಾದರೆ ಪವರ್ ಬಿಐ ಶೆಡ್ಯೂಲನ್ನೇ ನಿಲ್ಲಿಸಿಬಿಡುತ್ತದೆ. ಪರದೆಯಲ್ಲಿ ಹಳೆಯ ಅಂಕಿಗಳು ಹಾಗೇ ನಿಂತಿರುತ್ತವೆ, ನೋಡುವವರಿಗೆ ಅದು ಹಳೆಯದೆಂದು ಗೊತ್ತಾಗುವುದಿಲ್ಲ. ಒಂದು ಸಲ ಹಾಗೆ ತಪ್ಪು ಬಾಕಿ ಹಿಡಿದು ಗಿರಾಕಿ ಹತ್ತಿರ ಹೋದ ಸೇಲ್ಸ್‌ಮನ್ ಮತ್ತೆ ಆ ಪರದೆ ತೆರೆಯುವುದಿಲ್ಲ. ಲೈಸೆನ್ಸ್ ಉಳಿಸಲು ‘ಪಬ್ಲಿಷ್ ಟು ವೆಬ್’ ಒತ್ತುವವರನ್ನು ಕಂಡಿದ್ದೇನೆ. ಆ ಲಿಂಕ್ ಸಿಕ್ಕಿದವರಿಗೆಲ್ಲ ನಿಮ್ಮ ಮಾರ್ಜಿನ್ ಕಾಣುತ್ತದೆ, ದಯವಿಟ್ಟು ಒತ್ತಬೇಡಿ. ನೋಡುವವರು ಮೂರು ನಾಲ್ಕು ಜನವಿದ್ದು, ಪಿಸಿ ದಿನವಿಡೀ ಆನ್ ಇರುತ್ತದೆಂದಾದರೆ ಇವತ್ತಿಗೂ ನಾನು ಪವರ್ ಬಿಐಯನ್ನೇ ಹೇಳುತ್ತೇನೆ.

ನಡುವೆ ಗೂಗಲ್ ಶೀಟ್, ಗೂಗಲ್‌ನದೇ ಚಾರ್ಟ್ ಸಾಧನ ಲುಕರ್ ಸ್ಟುಡಿಯೋ ಕೂಡ ಆಯಿತು. ಪ್ರತಿದಿನ ಟ್ಯಾಲಿಯ ಡೇ ಬುಕ್ (ದಿನದ ವಹಿವಾಟಿನ ಪಟ್ಟಿ) ಎಕ್ಸೆಲ್‌ಗೆ ಇಳಿಸಿ ಅಂಟಿಸಬೇಕು. ಅಂಟಿಸುವವರು ರಜೆ ಹಾಕಿದ ದಿನ ಕತೆ ಮುಗಿಯಿತು.

ಈಗಿರುವುದು ಹೀಗೆ. ಬಳಕೆ ಬಿಟ್ಟಿದ್ದ ಒಂದು ಐ5 ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಪ್ರತ್ಯೇಕ ಯುಪಿಎಸ್. ಹೊಸದಾಗಿ ಖರ್ಚಾದದ್ದು ಒಂಬತ್ತು ಹತ್ತು ಸಾವಿರ. ಅದರ ಮೇಲೆ ಉಬುಂಟು, ಡೇಟಾ ಇಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್, ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಡಬ್ಬಿ) ಡ್ಯಾಶ್‌ಬೋರ್ಡ್ ತೋರಿಸುವ ಮೆಟಾಬೇಸ್‌ನ ಉಚಿತ ಆವೃತ್ತಿ. ಮೆಟಾಬೇಸ್ ತನ್ನ ಪ್ರಶ್ನೆ, ಡ್ಯಾಶ್‌ಬೋರ್ಡ್‌ಗಳನ್ನು ತಾನಾಗಿ ಎಚ್2 ಎಂಬ ತನ್ನೊಳಗಿನ ಸಣ್ಣ ಡೇಟಾಬೇಸ್ ಫೈಲಿನಲ್ಲಿ ಇಡುತ್ತದೆ. ಕಂಟೇನರ್ ತೆಗೆದು ಹಾಕಿದರೆ ಎಲ್ಲವೂ ಹೋಯಿತು, ಹಾಗಾಗಿ ಮೊದಲ ದಿನವೇ ಅದನ್ನು ಪೋಸ್ಟ್‌ಗ್ರೆಸ್‌ಗೆ ತಿರುಗಿಸಿ. ಮೆಟಾಬೇಸ್ ಕೇಳುವ 3000 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಟ್ಟಿಲ್ಲ. ಶಾಖೆಗಳು, ಮೊಬೈಲುಗಳು ಎಲ್ಲವೂ ವಿಪಿಎನ್ (ಖಾಸಗಿ ಸಂಪರ್ಕ) ಮೂಲಕ ಬರುತ್ತವೆ.

ನಿಜವಾದ ಕೆಲಸ ಇರುವುದು ಟ್ಯಾಲಿಯಿಂದ ಡೇಟಾ ತೆಗೆಯುವಲ್ಲಿ. ಎಫ್1, ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ ಟ್ಯಾಲಿಪ್ರೈಮ್ ‘ಬೋತ್’ (ಕ್ಲೈಂಟ್, ಸರ್ವರ್ ಎರಡೂ) ಆಗಿ, ಪೋರ್ಟ್ 9000ದಲ್ಲಿ ಕೇಳುವಂತೆ ಮಾಡಿ. ಲೆಡ್ಜರ್ (ಖಾತೆ), ಐಟಂ ಪಟ್ಟಿಯಂಥ ಮಾಸ್ಟರ್‌ಗಳಿಗೆ ಒಡಿಬಿಸಿ ಸಂಪರ್ಕ ಸಾಕು, ವೋಚರ್‌ಗಳಿಗೆ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ಬರೆದ ಪಠ್ಯ) ವಿನಂತಿಯೇ ಸರಿ. ನಾನು ಪೈಥಾನ್‌ನಲ್ಲಿ ಬರೆದೆ. ಇಲ್ಲಿ ಎಡವುವ ಕಲ್ಲುಗಳು ಬಹಳ.

ಒಂದೇ ಏಟಿಗೆ ವರ್ಷದ ವೋಚರ್ ಕೇಳಿದರೆ ಟ್ಯಾಲಿ ಗರಬಡಿದಂತೆ ನಿಲ್ಲುತ್ತದೆ, ಬಿಲ್ ಹಾಕುತ್ತಿರುವವರ ಪರದೆಯೂ ನಿಲ್ಲುತ್ತದೆ. ಒಂದೊಂದು ದಿನದ ತುಂಡು ಮಾಡಿ, ರಾತ್ರಿ 8.15ಕ್ಕೆ ಎಳೆಯುವಂತೆ ಇಟ್ಟೆ. ಅಕೌಂಟ್ಸ್‌ನವರು ಮಾನಿಟರ್ ಮಾತ್ರ ಆಫ್ ಮಾಡಿ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಸ್ಕ್ರಿಪ್ಟೇ ಪಿಸಿಯನ್ನು ಬಂದ್ ಮಾಡುತ್ತದೆ. ಮೇನ್ ಸ್ವಿಚ್ ಜಗಳ ಅಲ್ಲಿಗೆ ತೀರಿತು.

ಪ್ರೈಮರಿ ಗ್ರೂಪಿನ (ಎಲ್ಲಕ್ಕಿಂತ ಮೇಲಿನ ಗುಂಪು) ಪೇರೆಂಟ್ ಹೆಸರಿನ ಮುಂದೆ ಟ್ಯಾಲಿ ಒಂದು ಕಣ್ಣಿಗೆ ಕಾಣದ ಅಕ್ಷರ ಹಾಕುತ್ತದೆ, ಆಂಪರ್ಸ್ಯಾಂಡ್ ಹ್ಯಾಶ್ 4 (). ಎಕ್ಸ್‌ಎಂಎಲ್ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಅದನ್ನು ಬಿಡಿಸಿ ಓದುವ ಪಾರ್ಸರ್ ಸಾಮಾನ್ಯವಾಗಿ ಅಲ್ಲೇ ಮುರಿದು ಬೀಳುತ್ತದೆ. ಓದುವ ಮೊದಲೇ ಅದನ್ನು ಅಳಿಸಿ. ಲೆಡ್ಜರ್ ಹೆಸರುಗಳು ಕನ್ನಡದಲ್ಲಿದ್ದರೆ ವಿನಂತಿಯನ್ನು ಯುಟಿಎಫ್-16ರಲ್ಲಿ ಕಳಿಸಿ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಮೊತ್ತದ ಚಿಹ್ನೆ ನೋಡಿಕೊಳ್ಳಿ: ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್ ಋಣ, ಕ್ರೆಡಿಟ್ ಧನ. ಒಂದು ವೋಚರಿನ ಎಲ್ಲ ಸಾಲು ಕೂಡಿದರೆ ಸೊನ್ನೆ ಬರಲೇಬೇಕು. ಐಟಂ ಇನ್‌ವಾಯ್ಸ್‌ನಲ್ಲಿ ಸೇಲ್ಸ್ ಲೆಡ್ಜರಿನ ಮೊತ್ತ ಇನ್ವೆಂಟರಿ ಎಂಟ್ರಿಯ ಹೊಟ್ಟೆಯೊಳಗೆ, ಅಕೌಂಟಿಂಗ್ ಅಲೊಕೇಶನ್‌ನಲ್ಲಿ ಕೂತಿರುತ್ತದೆ. ನೀವು ಕೇಳುವ ರೀತಿಯ ಮೇಲೆ ಒಮ್ಮೆ ಅಲ್ಲಿ ಮಾತ್ರ ಬರುತ್ತದೆ, ಒಮ್ಮೆ ಎರಡೂ ಕಡೆ ಬರುತ್ತದೆ. ಸೊನ್ನೆಯಾಗದ ವೋಚರನ್ನು ಒಳಗೆ ಬಿಡದೆ ಪ್ರತ್ಯೇಕ ಟೇಬಲಿಗೆ ತಳ್ಳುತ್ತೇನೆ. ಇದೊಂದೇ ಪರೀಕ್ಷೆ ನನ್ನ ಅರ್ಧ ತಲೆನೋವು ಕಳೆಯಿತು.

ಬದಲಾದದ್ದನ್ನು ಮಾತ್ರ ಎಳೆಯುವ ಇನ್ಕ್ರಿಮೆಂಟಲ್ ಲೋಡ್‌ಗೆ ಆಲ್ಟರ್ ಐಡಿ (ಪ್ರತಿ ತಿದ್ದುಪಡಿಗೆ ಏರುವ ಸಂಖ್ಯೆ) ಸಾಕೆಂದು ಹಲವರು ಹೇಳುತ್ತಾರೆ, ಸಾಲದು. ತಿದ್ದಿದ ವೋಚರ್ ಅದರಲ್ಲಿ ಸಿಗುತ್ತದೆ, ಅಳಿಸಿದ ವೋಚರ್ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅದು ದೆವ್ವದಂತೆ ಉಳಿದು ಮಾರಾಟವನ್ನು ಉಬ್ಬಿಸುತ್ತದೆ. ನಾನು ಮಾಡುವುದು: ಕೊನೆಯ 45 ದಿನವನ್ನು ಪ್ರತಿ ರಾತ್ರಿ ಪೂರ್ತಿ ಅಳಿಸಿ ಮತ್ತೆ ತುಂಬುವುದು, ಅದಕ್ಕಿಂತ ಹಳೆಯದಕ್ಕೆ ಭಾನುವಾರ ಬರೀ ಜಿಯುಐಡಿ (ಪ್ರತಿ ವೋಚರಿನ ಗುರುತಿನ ಸಂಖ್ಯೆ) ಪಟ್ಟಿ ತಂದು ಹೋಲಿಸುವುದು. ಜಿಯುಐಡಿ ಟ್ಯಾಲಿಯಲ್ಲಿ ಇಲ್ಲ, ನಮ್ಮಲ್ಲಿ ಇದೆ ಎಂದರೆ ತೆಗೆದು ಹಾಕುವುದು. ನಾಲ್ಕು ಶಾಖೆ ಸೇರಿ ರಾತ್ರಿಯ ಲೋಡ್ 20ರಿಂದ 25 ನಿಮಿಷ.

‘ಮಾರಾಟ’ ಅಂದರೆ ಎಷ್ಟು ಎಂಬುದಕ್ಕೆ ಒಂದೇ ಉತ್ತರ ಇಲ್ಲದಿದ್ದರೆ ಚಾರ್ಟ್ ಮಾಡಿ ಪ್ರಯೋಜನವಿಲ್ಲ. ಮಾಲೀಕರ ಲೆಕ್ಕದಲ್ಲಿ ಜಿಎಸ್‌ಟಿ ಸೇರಿತ್ತು, ಅಕೌಂಟ್ಸ್ ಲೆಕ್ಕದಲ್ಲಿ ಇರಲಿಲ್ಲ, ಸೇಲ್ಸ್‌ನವರು ರಿಟರ್ನ್ ಕಳೆಯುತ್ತಲೇ ಇರಲಿಲ್ಲ. ಟ್ಯಾಲಿಯಲ್ಲಿ ಸೇಲ್ಸ್ ಆರ್ಡರ್, ಡೆಲಿವರಿ ನೋಟ್‌ಗಳೂ ಲೆಡ್ಜರ್ ಸಾಲು ಹೊತ್ತು ಬರುತ್ತವೆ. ಸೋಸದೆ ಕೂಡಿದರೆ ಒಂದೇ ಪಂಪ್ ಆರ್ಡರಿನಲ್ಲೊಮ್ಮೆ, ಡೆಲಿವರಿ ನೋಟ್‌ನಲ್ಲೊಮ್ಮೆ, ಬಿಲ್ಲಿನಲ್ಲೊಮ್ಮೆ ಮಾರಾಟವಾಗುತ್ತದೆ. ಕ್ಯಾನ್ಸಲ್ ಆದದ್ದು, ಲೆಕ್ಕಕ್ಕೆ ಸೇರದ ಆಪ್ಷನಲ್, ಮೆಮೊ ವೋಚರ್ ಎಲ್ಲ ಹೊರಗೆ. ಕರ್ನಾಟಕದೊಳಗೆ ನಮ್ಮ ನಾಲ್ಕೂ ಶಾಖೆಗೆ ಒಂದೇ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಶಾಖೆಯಿಂದ ಶಾಖೆಗೆ ಹೋದ ಮಾಲು ಮಾರಾಟವಲ್ಲ, ಅದೂ ಹೊರಗೆ. ಉಳಿದದ್ದು ಸೇಲ್ಸ್ ಗ್ರೂಪಿನ ಲೆಡ್ಜರ್ ಮೊತ್ತ, ಅದರಲ್ಲಿ ಕ್ರೆಡಿಟ್ ನೋಟ್ ಕಳೆದು. ಜಿಎಸ್‌ಟಿ, ಬಾಡಿಗೆ, ರೌಂಡ್ ಆಫ್ ಸೇರಿಸದೆ. ಈ ವ್ಯಾಖ್ಯೆಯನ್ನು ಒಂದೇ ಒಂದು ವ್ಯೂನಲ್ಲಿ (ಡೇಟಾಬೇಸಿನಲ್ಲಿ ಉಳಿಸಿಟ್ಟ ಪ್ರಶ್ನೆ) ಬರೆದಿಟ್ಟೆ. ಯಾವ ಚಾರ್ಟೂ ಮೂಲ ಟೇಬಲನ್ನು ಮುಟ್ಟುವುದಿಲ್ಲ.

ಗಿರಾಕಿಗಳ ಹೆಸರಿನದು ಇನ್ನೊಂದು ಕಗ್ಗಂಟು. ಒಂದೇ ಅಂಗಡಿ ಹುಬ್ಬಳ್ಳಿಯಲ್ಲಿ ‘ಟ್ರೇಡರ್ಸ್’, ಗದಗದಲ್ಲಿ ‘ಟ್ರೇಡಿಂಗ್ ಕಂ.’ ಎಂದು ಇರುತ್ತದೆ. ಇಲ್ಲಿ ಉದ್ರಿ ಮಿತಿ ಮುಗಿದರೆ ಅಲ್ಲಿ ಹೋಗಿ ಎತ್ತುತ್ತಾರೆ. ಜಿಎಸ್‌ಟಿಐಎನ್‌ನ 15 ಅಕ್ಷರದಲ್ಲಿ ಮೊದಲೆರಡು ರಾಜ್ಯದ ಕೋಡ್, ನಮ್ಮದು 29. ಮೂರರಿಂದ ಹನ್ನೆರಡರವರೆಗಿನ ಹತ್ತು ಅಕ್ಷರ ಪ್ಯಾನ್. ಪ್ಯಾನ್ ಮೇಲೆ ಗುಂಪು ಮಾಡಿದರೆ ಬೇರೆ ಬೇರೆ ಲೆಡ್ಜರ್ ಒಂದೇ ಗಿರಾಕಿಯಾಗಿ ಕೂಡುತ್ತವೆ. ಸುಮಾರು 2,300 ಲೆಡ್ಜರ್ 1,700ರ ಹತ್ತಿರಕ್ಕೆ ಇಳಿದವು. ಜಿಎಸ್‌ಟಿ ಇಲ್ಲದ ಸಣ್ಣ ಗಿರಾಕಿಗಳನ್ನು ಕೂಡಿಸಲು ಮೊಬೈಲ್ ನಂಬರ್ ಜತೆ ನನ್ನದೊಂದು ನಿಯಮವಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಪ್ರಮಾಣದ ಕಾಲಂ ಅಕ್ಷರವಾಗಿ ಬರುತ್ತದೆ: ‘10 ಕಾಯಿಲ್ = 900 ಮೀಟರ್’. ಮನೆ ವೈರಿನ ಕಾಯಿಲ್ 90 ಮೀಟರ್, ಸಬ್‌ಮರ್ಸಿಬಲ್ ಕೇಬಲ್ ಮಾತ್ರ ಗಿರಾಕಿ ಕೇಳಿದಷ್ಟು ಮೀಟರಿನಲ್ಲಿ ಕತ್ತರಿಸಿ ಕೊಡುವುದು. ಸಮ ಚಿಹ್ನೆಯ ಎಡ ಬಲ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಟ್ಟುಕೊಳ್ಳಿ. ಸ್ಕೀಮ್ ಮಾಲಿಗೆ ಆಕ್ಚುಯಲ್ (ನಿಜಕ್ಕೂ ಹೋದದ್ದು) ಮತ್ತು ಬಿಲ್ಡ್ (ಬಿಲ್ ಆದದ್ದು) ಎರಡೂ ಬೇಕು: ಹತ್ತಕ್ಕೊಂದು ಉಚಿತವಾದರೆ ಗೋಡೌನಿನಿಂದ ಹೋದದ್ದು 11, ದುಡ್ಡು ಬಂದದ್ದು 10ಕ್ಕೆ. ಬಿಲ್ಡ್ ಮಾತ್ರ ನೋಡಿದರೆ ಸ್ಟಾಕು ತಾಳೆಯಾಗುವುದಿಲ್ಲ, ಆಕ್ಚುಯಲ್ ಮಾತ್ರ ನೋಡಿದರೆ ಸರಾಸರಿ ದರ ಕೆಡುತ್ತದೆ. ಮಾರ್ಜಿನ್‌ನಲ್ಲೂ ಇಂಥದ್ದೇ ತೊಡಕು: ತಯಾರಕರ ಟರ್ನೋವರ್ ಡಿಸ್ಕೌಂಟ್ ಮೂರು ತಿಂಗಳಿಗೊಮ್ಮೆ ಕ್ರೆಡಿಟ್ ನೋಟ್ ಆಗಿ ಬರುತ್ತದೆ, ಟ್ಯಾಲಿಯ ಐಟಂ ಲಾಭದಲ್ಲಿ ಕಾಣುವುದಿಲ್ಲ. ಬ್ರ್ಯಾಂಡ್‌ವಾರು ಒಂದು ಸಣ್ಣ ಟೇಬಲ್ ಮಾಡಿ ಆ ಮೊತ್ತವನ್ನು ಹಂಚಿದೆ. ನಷ್ಟ ಎಂದು ಬಿಡಲು ಹೊರಟಿದ್ದ ಒಂದು ಬ್ರ್ಯಾಂಡ್ ನಿಜದಲ್ಲಿ ನಾಲ್ಕೈದು ಪರ್ಸೆಂಟ್ ಕೊಡುತ್ತಿತ್ತು.

ನಂಬಿಕೆ ಹುಟ್ಟಿದ್ದು ಯಾವ ಚಾರ್ಟಿನಿಂದಲೂ ಅಲ್ಲ, ಮೇಲಿನ ಎಡ ಮೂಲೆಯ ಒಂದು ಪಟ್ಟಿಯಿಂದ. ಶಾಖೆವಾರು ಮೂರು ಅಂಕಿ: ಟ್ಯಾಲಿಯ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಮೊತ್ತ, ನಮ್ಮ ಮೊತ್ತ, ವ್ಯತ್ಯಾಸ, ಪಕ್ಕದಲ್ಲಿ ಕೊನೆಯ ಲೋಡ್‌ನ ವೇಳೆ. ಟ್ರಯಲ್ ಬ್ಯಾಲೆನ್ಸನ್ನು ವೋಚರ್‌ಗಳಿಂದ ಲೆಕ್ಕ ಹಾಕದೆ ಟ್ಯಾಲಿಯಿಂದಲೇ ಬೇರೆ ವಿನಂತಿಯಲ್ಲಿ ತರುತ್ತೇನೆ. ಒಂದೇ ಮೂಲದಿಂದ ಎರಡೂ ಮಾಡಿದರೆ ತಪ್ಪು ಎರಡೂ ಕಡೆ ಒಂದೇ ಥರ ಕೂತು ವ್ಯತ್ಯಾಸ ಸೊನ್ನೆ ತೋರಿಸುತ್ತದೆ. ವ್ಯತ್ಯಾಸ ಸೊನ್ನೆಯಲ್ಲದ ದಿನ ಆ ಶಾಖೆಯ ಅಂಕಿಗಳನ್ನೇ ತೋರಿಸುವುದಿಲ್ಲ, ಖಾಲಿ ಬಿಡುತ್ತೇನೆ. ಶುರುವಿನಲ್ಲಿ ಇದಕ್ಕೆ ಬೈಸಿಕೊಂಡೆ, ಈಗ ಖಾಲಿ ಕಂಡರೆ ಶಾಖೆಯವರೇ ಫೋನ್ ಮಾಡಿ ಏನಾಯಿತೆಂದು ಹೇಳುತ್ತಾರೆ.

ಪರದೆಗಳು ನಾಲ್ಕೇ: ನಿನ್ನೆಯ ಮಾರಾಟ ಮತ್ತು ವಸೂಲಿ, ಬಾಕಿಯ ವಯಸ್ಸು, 180 ದಿನದಿಂದ ಅಲುಗದ ಸ್ಟಾಕು, ಕೊಡಬೇಕಾದದ್ದು. ಬಾಕಿ ಪರದೆ ಸರಿಯಿರಬೇಕಾದರೆ ರಸೀದಿಗಳನ್ನು ಬಿಲ್‌ವಾರು ಹೊಂದಿಸಬೇಕು. ‘ಆನ್ ಅಕೌಂಟ್’ ಹಾಕಿದ ದುಡ್ಡು ಯಾವ ಬಿಲ್ಲಿಗೂ ಸೇರದೆ, ದುಡ್ಡು ಕೊಟ್ಟ ಗಿರಾಕಿಯ ಹಳೆಯ ಬಿಲ್ 90 ದಿನ ದಾಟಿದ್ದೆಂದು ಕೆಂಪಗೆ ಕಾಣುತ್ತದೆ. ಆನ್ ಅಕೌಂಟ್ ಮೊತ್ತವನ್ನೇ ಶಾಖೆವಾರು ದೊಡ್ಡದಾಗಿ ತೋರಿಸಿದೆ. 30 ಲಕ್ಷದ ಮೇಲಿದ್ದದ್ದು ಎರಡು ತಿಂಗಳಲ್ಲಿ ಎರಡು ಮೂರು ಲಕ್ಷಕ್ಕೆ ಬಂತು. ಕೊಡಬೇಕಾದ ಪರದೆಯಲ್ಲಿ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ತಯಾರಕರ ಬಿಲ್‌ಗಳಿಗೆ ಬೇರೆ ಬಣ್ಣ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಎಂದಿದ್ದ ನಿಯಮದಲ್ಲಿ ಕರಾರು ಇಲ್ಲದಿದ್ದರೆ 15 ದಿನ, ಇದ್ದರೆ ಅದರ ಅವಧಿ (ಹೆಚ್ಚೆಂದರೆ 45 ದಿನ) ದಾಟಿದರೆ ಪಾವತಿಯಾದ ವರ್ಷದಲ್ಲಷ್ಟೇ ಆ ಖರ್ಚನ್ನು ಆದಾಯದಿಂದ ಕಳೆಯಲು ಸಿಗುತ್ತದೆ. ಮಾರ್ಚ್‌ನಲ್ಲಿ ಆಡಿಟರ್ ಮೊದಲು ಕೇಳುವ ಪಟ್ಟಿ ಅದೇ.

ಮೆಟಾಬೇಸ್‌ನ ಕೆಲವು ಕಿರಿಕಿರಿ. ರಿಪೋರ್ಟ್ ಟೈಮ್‌ಝೋನ್ ಏಷ್ಯಾ ಕೋಲ್ಕತಾ ಎಂದು ಹಾಕದಿದ್ದರೆ ಬೆಳಿಗ್ಗೆ 5 ಗಂಟೆಯ ಮೇಲ್‌ನಲ್ಲಿ ‘ನಿನ್ನೆ’ ಎಂದು ಮೊನ್ನೆಯದು ಹೋಗುತ್ತದೆ, ಯಾಕೆಂದರೆ ಯುಟಿಸಿಯಲ್ಲಿ (ಜಾಗತಿಕ ವೇಳೆ) ಆಗ ಹಿಂದಿನ ದಿನ ರಾತ್ರಿ 11.30. ಲಕ್ಷಕ್ಕೆ 0.00001ರಿಂದ ಗುಣಿಸುವ ಸ್ಕೇಲ್ ಕೊಟ್ಟು ‘ಲಕ್ಷ’ ಎಂದು ಹಿಂದೆ ಸೇರಿಸಿ, ಮಿಲಿಯನ್ ಇಲ್ಲಿ ಯಾರಿಗೂ ಬೇಡ. ಏಪ್ರಿಲ್‌ನಿಂದ ಶುರುವಾಗುವ ವರ್ಷ, ತ್ರೈಮಾಸಿಕಗಳನ್ನು ದಿನಾಂಕದ ಟೇಬಲಿನಲ್ಲೇ ಕಾಲಂ ಮಾಡಿಕೊಳ್ಳಿ. ಸಾಲುವಾರು ಅನುಮತಿ ಉಚಿತ ಆವೃತ್ತಿಯಲ್ಲಿಲ್ಲ. ಶಾಖೆಗೊಂದು ಸ್ಕೀಮಾ (ಟೇಬಲುಗಳ ವಿಭಾಗ), ಶಾಖೆಗೊಂದು ಪೋಸ್ಟ್‌ಗ್ರೆಸ್ ಯೂಸರ್ ಮಾಡಿ ಬೇರೆ ಬೇರೆ ಸಂಪರ್ಕ ಕೊಟ್ಟೆ, ಗದಗದವರಿಗೆ ಗದಗದ ಡೇಟಾ ಮಾತ್ರ ಕಾಣುತ್ತದೆ. ಮೆಟೀರಿಯಲೈಸ್ಡ್ ವ್ಯೂಗಳನ್ನು (ಫಲಿತಾಂಶ ಉಳಿಸಿಟ್ಟ ವ್ಯೂ) ಕನ್‌ಕರೆಂಟ್ ಆಗಿ, ಅಂದರೆ ನೋಡುವವರಿಗೆ ತಡೆಯಾಗದಂತೆ, ರಿಫ್ರೆಶ್ ಮಾಡಲು ಯುನೀಕ್ ಇಂಡೆಕ್ಸ್ ಇರಲೇಬೇಕು.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ತಾಲೂಕುವಾರು ಮಳೆಯ ಅಂಕಿಗಳನ್ನು ಕೈಯಾರೆ ತುಂಬಿ ಪಂಪ್ ಮಾರಾಟದ ಜತೆ ಇಟ್ಟೆ. ಹಿಂಗಾರು ಕೈಕೊಟ್ಟ ತಾಲೂಕುಗಳಲ್ಲಿ ಫೆಬ್ರವರಿಯಿಂದಲೇ ಹೆಚ್ಚು ಸ್ಟೇಜಿನ, ಆಳದ ಬೋರಿಗೆ ಹೋಗುವ ಪಂಪುಗಳ ಬೇಡಿಕೆ ಏರುವುದು ಕಂಡಿತು. ಎಚ್‌ಪಿ ಅಷ್ಟಾಗಿ ಬದಲಾಗಲಿಲ್ಲ. ಎರಡು ಹಂಗಾಮಿನ ಡೇಟಾ ಕಡಿಮೆಯೇ, ಆದರೂ ಈ ಸಲದ ಖರೀದಿಯಲ್ಲಿ ಅದನ್ನು ಬಳಸಿದೆವು, ಮಾಲು ಉಳಿಯಲಿಲ್ಲ. ಕೇಬಲಿಗೂ ಇದೇ ನೋಡಿದೆ, ಏನೂ ಸಿಗಲಿಲ್ಲ, ಅದು ತಾಮ್ರದ ದರದ ಹಿಂದೆ ಓಡುತ್ತದೆ.

ದುಡ್ಡಿನ ಲೆಕ್ಕ: ಬಾಕಿ ಬರುವ ಸರಾಸರಿ ದಿನ 70ರ ಸುಮಾರಿನಿಂದ 55ರ ಕೆಳಗೆ ಬಂದಿದೆ. ಅಲುಗದ ಸ್ಟಾಕು 14 ಲಕ್ಷದಷ್ಟು ಸಿಕ್ಕಿತು, ಅದರಲ್ಲಿ ಮುಕ್ಕಾಲು ಭಾಗವನ್ನು ಅಸಲಿಗೆ ದಾಟಿಸಿದರು. ತಿಂಗಳ ಖರ್ಚು ಕರೆಂಟು, ಇಂಟರ್‌ನೆಟ್, ಬ್ಯಾಕಪ್ ಸೇರಿ ಸಾವಿರದೈನೂರು ದಾಟುವುದಿಲ್ಲ. ಹೊರಗಿನವರೊಬ್ಬರು ಇದಕ್ಕೇ ಮೊದಲ ವರ್ಷಕ್ಕೆ ಆರು ಲಕ್ಷದ ಕೊಟೇಶನ್ ಕೊಟ್ಟಿದ್ದರು.

ಏಪ್ರಿಲ್‌ಗೆ ಮೊದಲು ಇದನ್ನು ಕಟ್ಟುವವರು ಒಂದು ವಿಷಯ ಮುಂಚೆಯೇ ಸರಿಮಾಡಿಕೊಳ್ಳಿ. ಹಿಂದಿನ ವರ್ಷದ ಆಡಿಟ್ ಎಂಟ್ರಿಗಳು, ಸವಕಳಿ, ಕಂಪನಿ ಕ್ರೆಡಿಟ್ ನೋಟ್‌ಗಳು ಮಾರ್ಚ್ 31ರ ದಿನಾಂಕಕ್ಕೆ ಸೆಪ್ಟೆಂಬರ್‌ವರೆಗೂ ಬೀಳುತ್ತಲೇ ಇರುತ್ತವೆ, 45 ದಿನದ ಕಿಟಕಿಗೆ ಅವು ಸಿಗುವುದಿಲ್ಲ. ರಿಟರ್ನ್ ಸಲ್ಲಿಕೆಯಾಗುವವರೆಗೆ ಹಿಂದಿನ ಮಾರ್ಚ್ ತಿಂಗಳನ್ನು ಪ್ರತಿ ಭಾನುವಾರ ಪೂರ್ತಿ ಮತ್ತೆ ಎಳೆಯಿರಿ. ಸಲ್ಲಿಕೆಯಾದ ಮೇಲೆ ಆ ವರ್ಷದ ಟೇಬಲಿಗೆ ಬರೆಯುವ ಅನುಮತಿಯನ್ನೇ ತೆಗೆದುಹಾಕಿ.