ನಡೆಯೋ ಅಂಗಡಿ ತಗೊಳ್ಳಾಕ ಹೊಂಟೀರಂದ್ರ ಮೊದ್ಲು ಇಷ್ಟು ನೋಡ್ಕೊಳ್ರಿ

"ರನ್ನಿಂಗ್ ಹೋಟೆಲ್ ಮಾರಾಟಕ್ಕಿದೆ, ಒಳ್ಳೆ ವ್ಯಾಪಾರ, ಮನಿ ಸಮಸ್ಯೆಯಿಂದ ಕೊಡ್ತಾ ಇದ್ದೀವಿ" ಅಂತ ಗಂಗಾವತಿ, ಸಿಂಧನೂರು, ಬಳ್ಳಾರಿ ಕಡಿ ವಾಟ್ಸಾಪ್ ಗ್ರೂಪ್‌ನ್ಯಾಗ ಮೆಸೇಜ್ ಬರ್ತಾನ ಇರ್ತಾವ. ಹೊಸದಾಗಿ ಶುರು ಮಾಡೋ ತಲಿಬ್ಯಾನಿ ಇಲ್ಲ, ಗಿರಾಕಿ ರೆಡಿ ಅದಾರ ಅಂತ ಭಾಳ ಮಂದಿಗೆ ಆಸೆ ಆಗ್ತೈತಿ, ತಪ್ಪೂ ಅಲ್ಲ ಅದು. ಆದ್ರ ನೀವು ರೊಕ್ಕ ಕೊಟ್ಟು ತಗೊಂಡಿನಿ ಅನ್ಕೊಂಡಿದ್ರಾಗ ಅರ್ಧ ಸಾಮಾನು ಹಳೇ ಮಾಲೀಕನ ಹಿಂದನ ಹೋಗ್ತೈತಿ, ಲೈಸನ್ಸು, ಜಿಎಸ್‌ಟಿ ನಂಬರು, ಬಾಡಿಗೆ ಕರಾರು, ಕೆಲವು ಕಡಿ ಅಡುಗಿ ಭಟ್ಟನೂ ಸೇರಿ. ಹಂಗಾಗಿ ಏನು ಉಳಿತೈತಿ ಅಂತ ಲೆಕ್ಕ ಹಾಕಿ ಅದಕ್ಕಷ್ಟ ರೇಟು ಕಟ್ಟಬೇಕು.

ಯಾಕ ಮಾರಾಕತ್ತೀರಿ ಅಂತ ಅವರನ್ನ ಕೇಳಿದ್ರ ಆರೋಗ್ಯ ಸರಿಯಿಲ್ಲ, ಮಗ ಬೆಂಗಳೂರಿಗೆ ಕರೀತಾನ ಅಂತಾರ. ಖರೆನೂ ಇರಬಹುದು. ಅದನ್ನ ಬಾಜೂಕಿನ ಪಾನ್ ಅಂಗಡ್ಯಾಗ ಕೇಳ್ರಿ, ಹಾಲು ಹಾಕೋನ್ನ ಕೇಳ್ರಿ, ಕಿರಾಣಿ ಸಾಮಾನು ಕೊಡೋ ಹೋಲ್‌ಸೇಲ್‌ನೋರನ್ನ ಕೇಳ್ರಿ. ರಸ್ತೆ ಅಗಲ ಮಾಡ್ತಾರಂತ, ಎದುರಿಗೆ ದೊಡ್ಡ ಹೋಟೆಲ್ ಬರಾಕತ್ತೈತಂತ, ಇಂಥಾ ಸುದ್ದಿ ಮಾಲೀಕ ಹೇಳಂಗಿಲ್ಲ, ಪಾನ್ ಅಂಗಡಿಯವ ಒಂದು ಎಲಿ ಕಟ್ಟೋದ್ರಾಗ ಹೇಳಿಬಿಡ್ತಾನ.

ಆಮ್ಯಾಲ ವ್ಯಾಪಾರದ ಲೆಕ್ಕ. ಬರೆದಿಟ್ಟ ಪುಸ್ತಕ ನೋಡ್ರಿ, ಆದ್ರ ಅದನ್ನಷ್ಟ ನಂಬಬ್ಯಾಡ್ರಿ. ಒಂದು ವಾರ ಗಲ್ಲಾ ಹತ್ರ ಕುಂದ್ರಾಕ ಬಿಡ್ರಿ ಅಂತ ಕೇಳ್ರಿ, ಮುಂಜಾನೆ ಅಂಗಡಿ ತೆಗಿಯೋದ್ರಿಂದ ಬಾಗಲು ಹಾಕೋತನ, ಸಂತಿ ದಿನಾನೂ ಸೇರಿ. ಒಪ್ಪಲಿಲ್ಲಂದ್ರ ಅದರಾಗ ಅರ್ಧ ಉತ್ತರ ಸಿಕ್ಕಂಗ. ಕುಂತಾಗ ಬರೀ ರೊಕ್ಕ ಎಣಿಸಬ್ಯಾಡ್ರಿ, ಒಳಗ ಏನು ಹೋಗ್ತೈತಿ ಅದನ್ನ ಎಣಿಸ್ರಿ, ಎಷ್ಟು ಲೀಟರ್ ಹಾಲು, ಎಷ್ಟು ಕೆಜಿ ಅಕ್ಕಿ ನೆನಿ ಹಾಕಿದ್ರು, ಮಿರ್ಚಿಗೆ ಎಷ್ಟು ಕಡ್ಲಿ ಹಿಟ್ಟು ಕಲಸಿದ್ರು, ಒಗ್ಗರಣಿಗೆ ಎಷ್ಟು ಚೀಲ ಮಂಡಕ್ಕಿ ಬಿಚ್ಚಿದ್ರು, 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಎಷ್ಟು ದಿನಕ್ಕೊಂದು ಖಾಲಿ ಆಗ್ತೈತಿ. ನಿಮ್ಮ ಮುಂದ ವ್ಯಾಪಾರ ಜಾಸ್ತಿ ತೋರ್ಸಾಕ ನಾಕು ಮಂದಿ ಗೆಳ್ಯಾರನ್ನ ಕರೆಸಿ ಕುಂದ್ರಸಬಹುದು, ಆದ್ರ ಹೋದ ವರ್ಷದ ಗ್ಯಾಸ್ ಬಿಲ್ಲನ್ನ ಇವತ್ತು ಹುಟ್ಟಿಸಾಕ ಬರಂಗಿಲ್ಲ. ಝೆರಾಕ್ಸ್ ಅಂಗಡಿ ಆಗಿದ್ರ ಇನ್ನೂ ಸುಲಭ, ಮಷೀನ್‌ನ್ಯಾಗ ಮೀಟರ್ ಇರ್ತೈತಿ, ಒಟ್ಟು ಎಷ್ಟು ಕಾಪಿ ತೆಗ್ದೈತಿ ಅಂತ ತೋರಸ್ತೈತಿ, ಇವತ್ತಿನ ನಂಬರ್ ಬರ್ಕೊಂಡು ಹದಿನೈದು ದಿನ ಬಿಟ್ಟು ಮತ್ತ ನೋಡ್ರಿ, ಮಾತೇ ಬ್ಯಾಡ. ಗಿರಣಿ ಆಗಿದ್ರ ಜೆಸ್ಕಾಂ ಬಿಲ್ಲಿನ ಯೂನಿಟ್ ನೋಡ್ರಿ, ಒಂದು ತಿಂಗಳದ್ದಲ್ಲ, ವರ್ಷದ್ದು.

ಈಗ ಒಂದು ಲೆಕ್ಕ ಮಾಡೋಣು, ಬರೀ ಉದಾಹರಣೆಗೆ. ಟಿಫಿನ್ ಹೋಟೆಲ್, 6 ಲಕ್ಷ ಕೇಳಾಕತ್ತ್ಯಾನ, ದಿನಕ್ಕ 8,000 ವ್ಯಾಪಾರ ಅಂತಾನ, ನೀವು ಕುಂತು ನೋಡಿದ್ರಿ, ಖರೆ ಐತಿ ಅನ್ಕೊಳ್ರಿ. ತಿಂಗಳಿಗೆ 26 ದಿನ ಅಂದ್ರ 2,08,000. ಅದರಾಗ ಸಾಮಾನಿಗೆ 95,000, ಮೂರು ಮಂದಿ ಕೆಲಸದೋರಿಗೆ 45,000, ಬಾಡಿಗೆ 12,000, ಗ್ಯಾಸು ಕರೆಂಟು 16,000 ತೆಗೀರಿ, 40,000 ಉಳಿತೈತಿ. ಮಾಲೀಕ ಇದನ್ನ ಲಾಭ ಅಂತಾನ. ಅಲ್ಲ. ಬೆಳಗಿನ ಜಾವ ಎದ್ದು ರಾತ್ರಿತನ ನೀವು ನಿಂದ್ರೋ ಜಾಗಕ್ಕ ಬ್ಯಾರೆಯವರನ್ನ ಇಟ್ರ ಅವರಿಗೆ 18,000 ಆದ್ರೂ ಕೊಡಬೇಕಲ್ಲ, ಅದು ನಿಮ್ಮ ಕೂಲಿ, ಅದನ್ನ ತೆಗೆದ್ರ ಧಂದೆ ಲಾಭ 22,000. ಇನ್ನು ಆ 6 ಲಕ್ಷ ಬಿಡಿಸಿ ನೋಡ್ರಿ, ಒಲಿ ಗ್ರೈಂಡರ್ ಫ್ರಿಜ್ ಟೇಬಲ್ ಎಲ್ಲಾ ಸೆಕೆಂಡ್ ಹ್ಯಾಂಡ್ ರೇಟಿಗೆ 1.8 ಲಕ್ಷ, ಬಿಲ್ಡಿಂಗ್ ಓನರ್ ಹತ್ರ ಇರೋ ಅಡ್ವಾನ್ಸ್ 1 ಲಕ್ಷ, ಉಳಿದ 3.2 ಲಕ್ಷ ಗುಡ್‌ವಿಲ್ಲು, ಅಂದ್ರ ಹೆಸರಿಗೆ ಕೊಡೋ ರೊಕ್ಕ. ನಮ್ಮ ಕಡಿ ಸಣ್ಣ ಧಂದೆಗೆ ಒಂದು ವರ್ಷದ ಲಾಭಕ್ಕಿಂತ ಜಾಸ್ತಿ ಗುಡ್‌ವಿಲ್ ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ, ಹಂಗ ನೋಡಿದ್ರ 2.64 ಲಕ್ಷಕ್ಕ ನಿಂತಿತು.

ಅಷ್ಟಕ್ಕ ಮುಗೀಲಿಲ್ಲ. ತಿಂಗಳಿಗೆ 2,08,000 ಅಂದ್ರ ವರ್ಷಕ್ಕ ಹತ್ರ ಹತ್ರ 25 ಲಕ್ಷ ಆತು, ಹೋಟೆಲ್‌ಗೆ ವರ್ಷದ ವ್ಯಾಪಾರ 20 ಲಕ್ಷ ದಾಟಿದ್ರ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕಾಗ್ತೈತಿ (ಬರೀ ಸಾಮಾನು ಮಾರೋ ಅಂಗಡಿಗೆ ಕರ್ನಾಟಕದಾಗ 40 ಲಕ್ಷ). ನಿಮ್ಮ ಜಿಎಸ್‌ಟಿ ನಂಬರ್ ತೋರಸ್ರಿ ಅನ್ರಿ. ಇಲ್ಲ ಅಂದ್ನಾ, ಹಂಗಾರ 8,000 ಸುಳ್ಳು, ಇಲ್ಲಾ ಟ್ಯಾಕ್ಸ್ ಕಟ್ಟಿಲ್ಲ, ಎರಡರಾಗ ಒಂದು. ಸಣ್ಣ ವ್ಯಾಪಾರಿಗಳಿಗೆ ಅಂತ ಇರೋ ಕಾಂಪೋಸಿಷನ್ ಸ್ಕೀಮ್‌ನ್ಯಾಗ ಹೋದ್ರೂ ಹೋಟೆಲ್‌ಗೆ 5 ಪರ್ಸೆಂಟ್ ಕಟ್ಟಬೇಕು, 25 ಲಕ್ಷಕ್ಕ 1.25 ಲಕ್ಷ, ತಿಂಗಳಿಗೆ 10,400 ಚಿಲ್ರೆ, ಅದೂ ಗಿರಾಕಿ ಕಡಿಂದ ಬ್ಯಾರೆ ಇಸ್ಕೊಳ್ಳಂಗಿಲ್ಲ, ನಿಮ್ಮ ಕಿಸೆದಿಂದಾನ. ನಿಮ್ಮ 22,000 ಈಗ 11,600 ಆತು, ಗುಡ್‌ವಿಲ್ಲೂ 1.4 ಲಕ್ಷಕ್ಕ ಇಳೀತು ನೋಡ್ರಿ. 2025ರ ಜುಲೈದಾಗ ಯುಪಿಐ ಲೆಕ್ಕ ಹಿಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಸಣ್ಣ ಅಂಗಡಿಗೂ ನೋಟಿಸ್ ಕೊಟ್ಟಿದ್ದು ನೆನಪೈತಲ್ಲ, ಬೇಕರಿ, ಚಹಾದಂಗಡಿಯವ್ರು ಕ್ಯೂಆರ್ ಸ್ಟಿಕರ್ ಕಿತ್ತು "ಓನ್ಲಿ ಕ್ಯಾಶ್" ಬೋರ್ಡ್ ಹಾಕಿದ್ರು. ಇದರಾಗ ನಿಮಗ ಡೇಂಜರ್ ಏನಂದ್ರ, ಜಿಎಸ್‌ಟಿ ಕಾಯ್ದೆ 85ನೇ ಸೆಕ್ಷನ್ ಪ್ರಕಾರ ಧಂದೆ ಕೈ ಬದಲಿ ಆದ್ರ ಹಿಂದಿನ ಬಾಕಿ ಟ್ಯಾಕ್ಸು, ಬಡ್ಡಿ, ದಂಡಕ್ಕ ಮಾರಿದವ ತಗೊಂಡವ ಇಬ್ರೂ ಜವಾಬ್ದಾರಿ. ನಂಬರ್ ಮಾತ್ರ ನಿಮಗ ಬರಂಗಿಲ್ಲ, ಅದು ಅವನ ಪ್ಯಾನ್‌ಗೆ ಗಂಟು ಬಿದ್ದಿರ್ತೈತಿ, ನೀವು ಹೊಸದು ಮಾಡಿಸ್ಬೇಕು, ಬಾಕಿ ಮಾತ್ರ ಬೆನ್ನಿಗೆ ಬರ್ತೈತಿ. ಇದೊಂದಕ್ಕಾದ್ರೂ ಆಡಿಟರ್ ಹತ್ರ ಹೋಗ್ರಿ, ಅಲ್ಲಿ ಫೀಸ್ ಉಳ್ಸಾಕ ಹೋಗಬ್ಯಾಡ್ರಿ.

ನಮ್ಮ ಭಾಗದಾಗ ಇನ್ನೊಂದು ನೋಡಬೇಕಾಗ್ತೈತಿ, ಅದು ನೀರು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡಿ ಬಟ್ಟಿ ಅಂಗಡಿ, ಗೊಬ್ಬರದಂಗಡಿ, ಮೊಬೈಲ್ ಅಂಗಡಿ, ಎಲ್ಲಾ ನಡಿಯೋದು ಭತ್ತದ ರೊಕ್ಕದ ಮ್ಯಾಲ, ಕಾಲುವಿಗೆ ಎರಡು ಬೆಳಿ ನೀರು ಬಿಟ್ಟ ವರ್ಷದ ವ್ಯಾಪಾರನ ಬ್ಯಾರೆ, ಒಂದ ಬೆಳಿ ವರ್ಷದ್ದ ಬ್ಯಾರೆ. 2024ರ ಆಗಸ್ಟ್‌ನ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಕೊಂಡು ಹೋದಾಗ ಇಡೀ ಬಜಾರಿಗೆ ಎದಿ ಧಸಕ್ ಅಂದಿದ್ದು ಸುಮ್ನ ಅಲ್ಲ. ಅದಕ್ಕ ಚಲೋ ವರ್ಷದ ಪುಸ್ತಕ ಜೊತಿಗೆ 2023ರ ಬರಗಾಲದ ವರ್ಷದ ಪುಸ್ತಕನೂ ಕೇಳ್ರಿ, ಆ ವರ್ಷ ಬಾಡಿಗೆ ಹುಟ್ಟಿತ್ತೋ ಇಲ್ಲೋ ನೋಡ್ರಿ. ಬಳ್ಳಾರಿ ಜೀನ್ಸ್ ಯೂನಿಟ್‌ದು ಕಥಿನ ಬ್ಯಾರೆ, ಅಲ್ಲಿ ಹೊಲಿಗೆ ಮಷೀನ್ ಸಿಗೋದು ದೊಡ್ಡದಲ್ಲ, ಆರ್ಡರ್ ಕೊಡೋ ವ್ಯಾಪಾರಿ ನಿಮ್ಮ ಹೆಸರಿಗೂ ಆರ್ಡರ್ ಕೊಡ್ತಾನೇನು, ಟೇಲರ್‌ಗಳು ಉಳೀತಾರೇನು, ಅವರಿಗೆ ಮುಂಗಡ ಕೊಟ್ಟಿದ್ರ ಅದು ಯಾರ ಲೆಕ್ಕಕ್ಕ, ಇದು ಮುಖ್ಯ. ವಾಷಿಂಗ್ ಯೂನಿಟ್ ಆದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರವಾನಗಿ ನೋಡದ ಒಂದು ರೂಪಾಯಿನೂ ಕೊಡಬ್ಯಾಡ್ರಿ.

ಮಾರೋನಿಗೆ ಅಡ್ವಾನ್ಸ್ ಕೊಡೋಕಿಂತ ಮೊದ್ಲ ಬಿಲ್ಡಿಂಗ್ ಓನರ್‌ನ ಭೇಟಿ ಆಗ್ರಿ. ಅಂಗಡಿ ಮಾರೋನಿಗೂ ಅವಂಗೂ ಇರೋದು 11 ತಿಂಗಳ ಕರಾರು, ಅದು ಅವರಿಬ್ಬರದು, ನಿಮಗ ಸಂಬಂಧ ಇಲ್ಲ. ನೀವು 6 ಲಕ್ಷ ಕೊಟ್ಟು ಒಳಗ ಬಂದ ಮ್ಯಾಲ "ಹೊಸಬ್ರಿಗೆ ಬಾಡಿಗೆ 20,000" ಅಂದ್ರ ಏನು ಮಾಡ್ತೀರಿ? ಮೂರೂ ಮಂದಿ ಕುಂತು ಬಾಡಿಗೆ ಎಷ್ಟು, ವರ್ಷಕ್ಕ ಎಷ್ಟು ಏರ್ತೈತಿ, ಹಳೇ ಅಡ್ವಾನ್ಸ್ ನಿಮ್ಮ ಹೆಸರಿಗೆ ಆತು ಅಂತ ಬರಸ್ರಿ, ಮೂರು ವರ್ಷಕ್ಕಾದ್ರ ರಿಜಿಸ್ಟರ್ ಮಾಡಸ್ರಿ. ಹಂಗ ಹೊರಗ ಬಂದು ಅಳತಿನೂ ನೋಡ್ರಿ, ಎಷ್ಟೋ ಅಂಗಡ್ಯಾಗ ಚಲೋ ವ್ಯಾಪಾರ ಆಗೋದ ಗಟಾರದ ಮ್ಯಾಲ ಹಾಕಿರೋ ಕಟ್ಟಿ ಮ್ಯಾಲ, ನಾಳೆ ಪಾಲಿಕೆಯವ್ರು ಜೆಸಿಬಿ ತಂದ್ರ ಅದು ಹೋತು.

ಲೈಸನ್ಸ್ ವಿಷಯ ಉದ್ದ ಎಳಿಯಂಗಿಲ್ಲ. ಟ್ರೇಡ್ ಲೈಸನ್ಸ್, ಫುಡ್ ಲೈಸನ್ಸ್ ನಿಮ್ಮ ಹೆಸರಿಗೆ ಹೊಸದಾಗಿ ಮಾಡಸ್ರಿ. ಕರೆಂಟ್ ಆರ್‌ಆರ್ ನಂಬರ್ ಹಾಕಿ ಬಾಕಿ ಎಷ್ಟೈತಿ ನೋಡ್ರಿ. ಮೆಡಿಕಲ್ ಶಾಪ್ ಆದ್ರ ಫಾರ್ಮಸಿಸ್ಟ್ ಇಲ್ಲದ ಮುಂದ ಹೋಗೋ ಮಾತ ಇಲ್ಲ. ಫ್ರಿಜ್, ಮಷೀನ್ ಮ್ಯಾಲ ಬ್ಯಾಂಕ್ ಅಥವಾ ಫೈನಾನ್ಸ್ ಸಾಲ ಇದ್ರ ಅದು ತೀರಿದ ಪತ್ರ ಕೈಯಾಗ ಬರಬೇಕು. ಸಾಲ ಬೇಕಾದ್ರ ಬ್ಯಾಂಕ್‌ನ್ಯಾಗ ಮುದ್ರಾ ಸಾಲ ಕೇಳಿ ನೋಡ್ರಿ, ಪಿಎಂಇಜಿಪಿ (ಕೇಂದ್ರ ಸರ್ಕಾರದ ಸ್ವಂತ ಉದ್ಯೋಗದ ಸ್ಕೀಮ್) ಸಬ್ಸಿಡಿ ಸಿಗ್ತೈತಿ ಅಂತ ಏಜೆಂಟ್ ಹೇಳಿದ್ರ ನಂಬಬ್ಯಾಡ್ರಿ, ಆ ಸ್ಕೀಮ್ ಹೊಸ ಘಟಕಕ್ಕ, ನಡಿಯೋ ಅಂಗಡಿ ಖರೀದಿಗೆ ಅಲ್ಲ.

ಉದ್ರಿ ಪುಸ್ತಕ ಮಾತ್ರ ತಗೊಳ್ಳಬ್ಯಾಡ್ರಿ. "ಒಂದೂವರಿ ಲಕ್ಷ ಉದ್ರಿ ಐತ್ರಿ, ಸುಗ್ಗಿಗೆ ಬರ್ತೈತಿ, ನಿಮಗ ಒಂದು ಲಕ್ಷಕ್ಕ ಕೊಡ್ತೀನಿ" ಅಂತಾರ. ಅವರ ಮಾರಿ ನೋಡಿ ಕೊಡೋ ರೊಕ್ಕ ಅದು, ನಿಮ್ಮ ಮಾರಿ ನೋಡಿ ಯಾರೂ ಕೊಡಂಗಿಲ್ಲ, ಕೇಳಾಕ ಹೋದ್ರ ಗಿರಾಕಿನೂ ಹೋಗ್ತಾನ. ಅವ್ರ ವಸೂಲಿ ಮಾಡ್ಕೊಳ್ಳಿ. ಹೋಲ್‌ಸೇಲ್ ಅಂಗಡಿಗೆ ಅವ್ರು ಕೊಡೋ ಬಾಕಿ ಎಷ್ಟೈತಿ ಅಂತ ಮಾತ್ರ ಪಟ್ಟಿ ಇಸ್ಕೊಳ್ರಿ, ಇಲ್ಲಂದ್ರ ಮೊದಲನೇ ದಿನಾನ ನಿಮ್ಮ ಬಾಗಲಿಗೆ ಬಂದು ನಿಂದರ್ತಾರ.

ಕರಾರು ಪತ್ರದಾಗ ಒಂದೊಂದು ಸಾಮಾನೂ ಹೆಸರು ಹಾಕಿ ಬರಸ್ರಿ, ಇಂಥ ತಾರೀಖಿನತನ ಇರೋ ಟ್ಯಾಕ್ಸು, ಪಗಾರ, ಬಾಕಿ ಎಲ್ಲಾ ಮಾರೋನದು ಅಂತನೂ ಇರಲಿ. ಅದಕ್ಕಿಂತ ಮುಖ್ಯ, ಮಾರಿದವ ಎದುರಿಗೆ ಇನ್ನೊಂದು ಹೋಟೆಲ್ ತೆಗಿಬಾರದು ಅಂತ ಬರಸ್ರಿ. ಗುಡ್‌ವಿಲ್ ಮಾರಿದವ ಇಂಥ ಏರಿಯಾದಾಗ ಅದ ಧಂದೆ ಮಾಡಂಗಿಲ್ಲ ಅಂತ ಒಪ್ಕೊಂಡ್ರ ಭಾರತೀಯ ಕರಾರು ಕಾಯ್ದೆ 27ನೇ ಸೆಕ್ಷನ್‌ನ್ಯಾಗ ಅದಕ್ಕ ಬೆಲಿ ಐತಿ, ಆದ್ರ ಹದ್ದು ಸಮಂಜಸ ಇರಬೇಕು, ಇಡೀ ಜಿಲ್ಲಾದಾಗ ಬ್ಯಾಡ ಅನ್ನಾಕ ಹೋಗಬ್ಯಾಡ್ರಿ, ಈ ಓಣಿ, ಈ ಸರ್ಕಲ್ ಅಂತ ಬರಸ್ರಿ. ರೊಕ್ಕ ಬ್ಯಾಂಕ್ ಮೂಲಕಾನ ಕೊಡ್ರಿ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಇಸ್ಕೊಂಡವನಿಗೆ ಇನ್‌ಕಮ್ ಟ್ಯಾಕ್ಸ್‌ನೋರು ಅಷ್ಟ ದಂಡ ಹಾಕ್ತಾರ ಅಂತ ಹೇಳ್ರಿ, ಅವ್ರ ಒಪ್ತಾರ. ಒಂದ ಸಲಕ್ಕ ಪೂರಾ ಕೊಡಬ್ಯಾಡ್ರಿ, ಒಂದು ಲಕ್ಷನಾದ್ರೂ ಮೂರು ತಿಂಗಳು ಹಿಡ್ಕೊಳ್ರಿ, ಅಷ್ಟರಾಗ ಬರೋ ಬಾಕಿ ಎಲ್ಲಾ ಬಂದಿರ್ತಾವ.

ಕೈಗೆ ಬಂದ ಮ್ಯಾಲ ಒಂದು ಹದಿನೈದು ದಿನ ಹಳೇ ಮಾಲೀಕರನ್ನ ಗಲ್ಲಾ ಬಾಜೂಕ ಕುಂದ್ರಸ್ಕೊಳ್ರಿ, ದಿನಾ ಬರೋ ಗಿರಾಕಿಗೆ "ಇವ್ರು ಇನ್ನ ಮ್ಯಾಲ ನೋಡ್ಕೊಂತಾರ" ಅಂತ ಅವರ ಬಾಯಿಂದಾನ ಹೇಳಸ್ರಿ. ಬೋರ್ಡಿನ ಹೆಸರು ಲಗೂನ ಬದಲಿ ಮಾಡಬ್ಯಾಡ್ರಿ, ಚಟ್ನಿ ರುಚಿನೂ. ಮೊದಲನೇ ದಿನಾನ ಬದಲಿ ಮಾಡಬೇಕಾದ್ದು ಗೋಡೆ ಮ್ಯಾಲಿನ ಕ್ಯೂಆರ್ ಸ್ಟಿಕರ್ರು, ಕೈ ತೊಳಿಯೋ ಜಾಗದಾಗ, ಪಾರ್ಸಲ್ ಕೌಂಟರ್‌ನ್ಯಾಗ ಅಂಟಿಸಿದ್ದೂ ಹುಡುಕಿ ತೆಗೀರಿ, ಇಲ್ಲಂದ್ರ ನೀವು ಮಾಡಿದ ಇಡ್ಲಿ ರೊಕ್ಕ ಅವರ ಖಾತೆಗೆ ಜಮಾ ಆಗ್ತಿರ್ತೈತಿ.