ಒತ್ತಡ ಇಳಿಸಲು ನಾನು ಇಟ್ಟುಕೊಂಡಿರುವ ಸಂಜೆಯ ಅಭ್ಯಾಸ

ವಿಜಯಪುರದಲ್ಲಿ ಏಪ್ರಿಲ್-ಮೇ ಬಂತೆಂದರೆ ಸಂಜೆ 7 ಆದರೂ ಗೋಡೆಗಳ ಕಾವು ಇಳಿದಿರುವುದಿಲ್ಲ. ಕಚೇರಿಯಿಂದಲೋ ಅಂಗಡಿಯಿಂದಲೋ ತಲೆ ಕಾಯಿಸಿಕೊಂಡು ಬಂದವರು ಆ ಹೊತ್ತಿಗೆ ಗಡಿಬಿಡಿಯಲ್ಲಿ ಹನ್ನೆರಡು ಸೂರ್ಯ ನಮಸ್ಕಾರ ಹಾಕಿದರೆ ಬೆವರು ಇಳಿಯುತ್ತದೆ, ಒತ್ತಡ ಇಳಿಯುವುದಿಲ್ಲ. ಮೊದಲೇ ಏರಿದ ಎದೆಬಡಿತವನ್ನು ಇನ್ನಷ್ಟು ಏರಿಸಿ, ಅದು ಸಾವಕಾಶ ತಗ್ಗುವಷ್ಟು ಪುರುಸೊತ್ತೂ ಕೊಡದೆ ಊಟಕ್ಕೆ ಕೂತಂತಾಗುತ್ತದೆ. ಹೀಗಾಗಿ ನನ್ನ ಸಂಜೆಯ ಅಭ್ಯಾಸದಲ್ಲಿ ಸೂರ್ಯ ನಮಸ್ಕಾರ ಇಲ್ಲ. ಅದಕ್ಕೆ ಬೆಳಗಿನ ತಂಪು ಹೊತ್ತಿದೆ. ಹೊಟ್ಟೆಯನ್ನು ಒಳಕ್ಕೆ ಜಗ್ಗುತ್ತ ಉಸಿರನ್ನು ರಭಸದಿಂದ ಹೊರಹಾಕುವ ಕಪಾಲಭಾತಿಯೂ ಇಲ್ಲ. ಟಿವಿ ನೋಡಿ ಎಲ್ಲರೂ ಮೊದಲು ಕಲಿಯುವುದು ಅದನ್ನೇ. ಆದರೆ ಅದು ಚುರುಕು ತರುವ ಕ್ರಿಯೆ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇದ್ದವರು, ಗರ್ಭಿಣಿಯರು ಅದನ್ನು ಮಾಡಲೇಬಾರದು.

ಇಡೀ ಅಭ್ಯಾಸಕ್ಕೆ 25 ನಿಮಿಷ ಸಾಕು. ರಾತ್ರಿ ಊಟಕ್ಕೆ ಮುಂಚಿನ ಹೊತ್ತೇ ಒಳ್ಳೆಯದು. ರೊಟ್ಟಿ, ಎಣ್ಣೆಗಾಯಿ ಉಂಡಿದ್ದರೆ ಮೂರೂವರೆ-ನಾಲ್ಕು ತಾಸು ಬಿಡಬೇಕು, ಬರೀ ಚಹಾ ಕುಡಿದಿದ್ದರೆ ಅರ್ಧ ತಾಸು. ದುಬಾರಿ ಮ್ಯಾಟ್ ಬೇಕಿಲ್ಲ. ಮನೆಯ ಕೌದಿ ಎರಡಿದ್ದರೆ ಒಂದು ಹಾಸಲು, ಒಂದು ಮಡಚಿ ಇಟ್ಟುಕೊಳ್ಳಲು.

ಮೊದಲ ಐದು ನಿಮಿಷ ಏನನ್ನೂ ಮಾಡುವುದಿಲ್ಲ. ಅಂಗಾತ ಮಲಗಿ, ಮೊಣಕಾಲಿನಿಂದ ಕೆಳಗಿನ ಭಾಗವನ್ನು ಕುರ್ಚಿಯ ಮೇಲೆ ಇಡಬೇಕು. ತೊಡೆ ನೆಟ್ಟಗೆ ಮೇಲಕ್ಕಿರಲಿ. ಸೊಂಟ ನೆಲಕ್ಕೆ ಒರಗುತ್ತದೆ. ಇಳಕಲ್ಲಿನಲ್ಲಿ ತಗ್ಗಿಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂರುವವರಿಗೂ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೂ ಬಿಗಿಯುವ ಜಾಗ ಹೆಚ್ಚುಕಡಿಮೆ ಒಂದೇ: ಸೊಂಟ, ಭುಜದ ನಡುವು, ಕುತ್ತಿಗೆ. ಅವು ಸಡಿಲಾಗದೆ ಪ್ರಾಣಾಯಾಮಕ್ಕೆ ಕೂತರೆ ಗಮನವೆಲ್ಲ ನೋವಿನ ಮೇಲೇ ಇರುತ್ತದೆ.

ಆಮೇಲೆ ಮಾರ್ಜಾಲಾಸನ ಎಂಟು ಸಲ: ಬೆಕ್ಕಿನಂತೆ ಅಂಗೈ, ಮೊಣಕಾಲು ಊರಿ, ಉಸಿರು ಬಿಡುತ್ತ ಬೆನ್ನು ಗೂನು ಮಾಡಿ, ಎಳೆದುಕೊಳ್ಳುತ್ತ ತಗ್ಗಿಸಿ. ನಂತರ ಶಶಾಂಕಾಸನ ಎರಡು ನಿಮಿಷ, ಅಂದರೆ ಮೊಣಕಾಲು ಮಡಚಿ ಹಿಮ್ಮಡಿಯ ಮೇಲೆ ಕೂತು ಮುಂದಕ್ಕೆ ಬಾಗುವುದು. ಹಣೆ ನೆಲಕ್ಕೆ ಮುಟ್ಟದಿದ್ದರೆ ಜಗ್ಗಿ ಮುಟ್ಟಿಸಬೇಡಿ, ಮಡಚಿದ ಕೌದಿಯ ಮೇಲೆ ಹಣೆ ಇಡಿ. ಹಣೆಗೆ ಆಸರೆ ಸಿಗದೆ ಕುತ್ತಿಗೆ ಬಿಡುವುದಿಲ್ಲ. ಮೊಣಕಾಲು ನೋವಿದ್ದವರು ಇದನ್ನು ಬಿಟ್ಟು, ಕುರ್ಚಿಯಲ್ಲಿ ಕೂತು ಮುಂದಿನ ಮೇಜಿನ ಮೇಲೆ ತಲೆ ಒರಗಿಸಿದರೂ ನಡೆಯುತ್ತದೆ. ಕೊನೆಗೆ ಅಂಗಾತ ಮಲಗಿ, ಮಡಚಿದ ಮೊಣಕಾಲುಗಳನ್ನು ಒಂದೊಂದು ಮಗ್ಗುಲಿಗೆ ಒಂದೊಂದು ನಿಮಿಷ ಹೊರಳಿಸುವುದು. ಆಸನ ಇಷ್ಟೇ. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಕಾಲಿನ ಹೆಬ್ಬೆರಳು ಸಿಗಲೇಬೇಕೆಂದು ಹಟ ಹಿಡಿದು ಜಗ್ಗುವುದು ಸಂಜೆಯ ಕೆಲಸವಲ್ಲ.

ನನ್ನ ಲೆಕ್ಕದಲ್ಲಿ ಅಭ್ಯಾಸದ ತಿರುಳು ಇರುವುದು ಇನ್ನು ಮುಂದೆ. ಉಸಿರು ಎಳೆದುಕೊಂಡಾಗ ಎದೆಬಡಿತ ಕೊಂಚ ಏರುತ್ತದೆ, ಬಿಟ್ಟಾಗ ಕೊಂಚ ಇಳಿಯುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಕೆಲಸ ಇದು. ಅದಕ್ಕೇ ಒತ್ತಡ ಇಳಿಸಬೇಕೆಂದರೆ ಎಳೆಯುವುದಕ್ಕಿಂತ ಬಿಡುವುದು ದೀರ್ಘವಾಗಬೇಕು. ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ. ನಿಮಿಷಕ್ಕೆ ಆರು ಉಸಿರು. ಐದು ನಿಮಿಷ. ಗೋಡೆ ಗಡಿಯಾರದ ಟಿಕ್ ಟಿಕ್ ಎಣಿಸಿದರೆ ಮೊಬೈಲ್ ಹತ್ತಿರ ಇಟ್ಟುಕೊಳ್ಳುವ ಗರಜು ಬೀಳುವುದಿಲ್ಲ. ಹೊಸಬರು ಮೂರು ಸೆಕೆಂಡ್ ಒಳಗೆ, ನಾಲ್ಕು ಸೆಕೆಂಡ್ ಹೊರಗೆ ಎಂದು ಶುರು ಮಾಡಿ, ಅದು ಸಲೀಸಾದ ಮೇಲೆ ಏರಿಸಲಿ.

ಇಲ್ಲಿ ತಪ್ಪುವುದು ಕೂರುವ ರೀತಿಯಲ್ಲಿ. ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಾಗ ಮೊಣಕಾಲು ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ಬಾಗುತ್ತದೆ, ಹೊಟ್ಟೆ ಒತ್ತಿಕೊಳ್ಳುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಕುಂಡಿಯ ಕೆಳಗೆ ಮೂರು-ನಾಲ್ಕು ಇಂಚು ದಪ್ಪಕ್ಕೆ ಕೌದಿ ಮಡಚಿ ಇಟ್ಟರೆ ಇದು ಸರಿಹೋಗುತ್ತದೆ. ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಎದೆಯ ಮೇಲೆ ಇಟ್ಟು ನೋಡಿ: ಕೆಳಗಿನ ಕೈ ಹೆಚ್ಚು ಅಲುಗಬೇಕು.

ಎರಡನೆಯ ತಪ್ಪು ಎಣಿಕೆಯ ಹಟ. ಬಿಟ್ಟ ಮೇಲೆ ಮುಂದಿನ ಉಸಿರನ್ನು ಗಬಕ್ಕನೆ ಎಳೆದುಕೊಳ್ಳಬೇಕು ಅನ್ನಿಸಿದರೆ ಎಣಿಕೆ ನಿಮ್ಮ ಅಳತೆಗಿಂತ ಉದ್ದವಾಯಿತೆಂದೇ ಅರ್ಥ, ಒಂದು ಸೆಕೆಂಡ್ ಕಡಿಮೆ ಮಾಡಿ. ತಲೆ ಹಗುರಾಗಿ, ತುಟಿ-ಬೆರಳ ತುದಿ ಜುಮುಜುಮು ಅನ್ನತೊಡಗಿದರೆ ಗಾಳಿ ಅತಿಯಾಗಿ ಎಳೆಯುತ್ತಿದ್ದೀರಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿದೆ. ನಿಲ್ಲಿಸಿ, ಸಹಜ ಉಸಿರಿಗೆ ಬನ್ನಿ. ಇದನ್ನೇ ಧ್ಯಾನದ ಅನುಭವ ಅಂದುಕೊಂಡು ಖುಷಿಪಡುವವರೂ ಇದ್ದಾರೆ!

ಆಮೇಲೆ ಭ್ರಾಮರಿ, ಅಂದರೆ ಉಸಿರು ಬಿಡುತ್ತ ದುಂಬಿಯಂತೆ ಗುಂಯ್ಗುಟ್ಟುವುದು, ಏಳು ಸಲ. ತುಟಿ ಮುಚ್ಚಿರಲಿ, ಹಲ್ಲು ಕಚ್ಚಿರಬಾರದು. ಕಿವಿಯ ತೂತಿನ ಮುಂದಿರುವ ಮೆತ್ತನೆಯ ತುಣುಕನ್ನು ತೋರುಬೆರಳಿನಿಂದ ಒತ್ತಿ ಮುಚ್ಚಬೇಕು, ಬೆರಳನ್ನು ಕಿವಿಯೊಳಗೆ ತುರುಕಬಾರದು. ದನಿ ಕೆಳಗಿನ ಶ್ರುತಿಯಲ್ಲಿರಲಿ; ಗಟ್ಟಿಯಾಗಿ ಗುಂಯ್ಗುಟ್ಟಿದರೆ ಉಸಿರು ಬೇಗ ಮುಗಿದು ಗಂಟಲು ಬಿಗಿಯುತ್ತದೆ. ರಬಕವಿ-ಬನಹಟ್ಟಿಯ ಪಾವರ್‌ಲೂಮ್ ಸದ್ದಿನಲ್ಲೇ ದಿನ ಕಳೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮನೆಗೆ ಬಂದ ಮೇಲೂ ತಲೆಯಲ್ಲಿ ಸುತ್ತುವ ಗದ್ದಲದಿಂದ ಗಮನ ಸರಿಸಲು ತಮ್ಮದೇ ಒಂದು ಸದ್ದು ಸಿಗುತ್ತದೆ. ಕಿವಿ ಸೋರುತ್ತಿದ್ದರೆ, ಸೋಂಕಿದ್ದರೆ ಬೇಡ.

ಕಡೆಗೆ ಐದು ನಿಮಿಷ ಶವಾಸನ. ನಿದ್ದೆ ಹತ್ತಿದರೆ ಹತ್ತಲಿ, ಅದೇನೂ ದೋಷವಲ್ಲ. ರಾತ್ರಿ ನಿದ್ದೆ ಸಾಲುತ್ತಿಲ್ಲ ಅಂತಷ್ಟೇ ತಿಳಿಯಬೇಕು.

ಆದರೆ ಸಂಜೆಯ ತನಕ ಒತ್ತಡ ಕಾಯುವುದಿಲ್ಲವಲ್ಲ. ಹಗಲಿಗೆ ನಾನು ಇಟ್ಟುಕೊಂಡಿರುವುದು ಒಂದೇ: ಫೋನ್ ಎತ್ತುವ ಮೊದಲು, ಗಾಡಿಯ ಕೀಲಿ ತಿರುಗಿಸುವ ಮೊದಲು ಮೂರು ದೀರ್ಘ ನಿಶ್ವಾಸ, ಜತೆಗೆ ದವಡೆ ಸಡಿಲ ಬಿಡುವುದು. ಸಿಟ್ಟು ನೆತ್ತಿಗೇರಿದ ಮೇಲೆ ಇದು ಅಷ್ಟಾಗಿ ಕೈಹಿಡಿಯುವುದಿಲ್ಲ. ಭುಜ ಕಿವಿಯತ್ತ ಏರತೊಡಗಿದಾಗಲೇ ಮಾಡಬೇಕು.

ಕಬ್ಬಿನ ಬಿಲ್ಲು ಬಂದಿಲ್ಲ, ಸಾಲದ ಕಂತು ಹತ್ತಿರ ಬಂತು ಎಂಬ ಚಿಂತೆಯನ್ನು ಯಾವ ಆಸನವೂ ತೀರಿಸದು. ನಿದ್ದೆಯನ್ನು ಉಳಿಸಿಕೊಟ್ಟರೆ ಅದೇ ದೊಡ್ಡದು. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಯೋಗವನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹವೆ ನೋಡಿಕೊಂಡು ಕೊಂಚ ಬದಲಾವಣೆ. ಬೇಸಿಗೆಯಲ್ಲಿ ಭ್ರಾಮರಿ ಬದಲು ನಾಲಿಗೆ ಸುರುಳಿ ಮಾಡಿ ಗಾಳಿ ಎಳೆಯುವ ಶೀತಲಿ ಹಿತ. ಆದರೆ ಬಾಯಿಯಿಂದ ಎಳೆದ ಗಾಳಿಯನ್ನು ಮೂಗು ಸೋಸುವುದಿಲ್ಲ. ಧೂಳಿನ ರಸ್ತೆಯ ಪಕ್ಕ ಇದು ಬೇಡ, ಮಾಳಿಗೆಯ ಮೇಲಾದರೆ ಸರಿ. ಬೆಳಗಾವಿಯ ಜುಲೈ ಮಳೆಯಲ್ಲಿ ನೆಲ ತಣ್ಣಗಿರುತ್ತದೆ, ಶವಾಸನಕ್ಕೆ ಕೆಳಗೊಂದು, ಮೇಲೊಂದು ಕೌದಿ ಬೇಕು. ಮೂಗು ಕಟ್ಟಿದ ದಿನ ಮೂಗಿನಿಂದಲೇ ಬಿಡಬೇಕೆಂಬ ಹಟ ಬೇಡ. ತುಟಿ ಸಣ್ಣಗೆ ತೆರೆದು ಊದುವಂತೆ ಬಿಟ್ಟರೂ ಆರು ಎಣಿಸಬಹುದು.